ಕೋಳಿ ನನ್ನನ್ನು ನೋಡಿದ ಮೇಲೆ

ನಮ್ಮ ಕಡೆ ಯಾರಾದರೂ ಮಾಂಸ ಬಿಟ್ಟೆ ಅಂದರೆ ‘ಯಾಕೆ’ ಅಂತ ಕೇಳುವವರು ಕಡಿಮೆ. ‘ಎಲ್ಲೀವರೆಗೆ’ ಅಂತ ಕೇಳುವವರೇ ಎಲ್ಲ. ಸೋಮವಾರಕ್ಕೆ ಬಿಡುವವರಿದ್ದಾರೆ, ಶನಿವಾರಕ್ಕೆ ಬಿಡುವವರಿದ್ದಾರೆ, ಶ್ರಾವಣಕ್ಕೆ, ಮಾಲೆ ಹಾಕಿದ್ದಕ್ಕೆ, ಮೂಲವ್ಯಾಧಿಗೆ ಬಿಡುವವರೂ ಇದ್ದಾರೆ. ಅವರಿಗೆಲ್ಲ ಒಂದು ಕೊನೇ ದಿನ ಅಂತ ಇರುತ್ತದೆ. ನನಗೆ ಅದೊಂದು ಇರಲಿಲ್ಲ. ಹಾಗಾಗಿ ಹೋದಲ್ಲೆಲ್ಲ ನನಗೊಂದು ಪ್ರಸಂಗ ಕಾದು ಕೂತಿರುತ್ತದೆ.

ನಮ್ಮದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹಳೇ ಮನೆ. ನಾನು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಮಗಳ ಮದುವೆ ಆಗಿದೆ. ಈಗ ಮನೆಯಲ್ಲಿರುವುದು ನಾನು, ನಮ್ಮ ಯಜಮಾನರು, ನಮ್ಮತ್ತೆ. ನಾನು ಈ ಮನೆಗೆ ಬಂದ ಇಪ್ಪತ್ತೇಳು ವರ್ಷದಲ್ಲಿ ಭಾನುವಾರ ಮಟನ್ ಸಾರು ಇಲ್ಲದೆ ಹೋದದ್ದು ಅತ್ತೆಗೆ ಜ್ವರ ಬಂದ ಎರಡೇ ಎರಡು ಸಲ. ಅದರಲ್ಲೂ ಒಂದು ಸಲ ಕಾಲು ಸೂಪು ಮಾಡಿದ್ದೆವು.

ಶಿವರಾತ್ರಿ ಆದ ಮುಂದಿನ ವಾರ ಯಜಮಾನರ ಸ್ಕೂಟರಿನ ಹಿಂದೆ ಕೂತು, ಕಲಾಸಿಪಾಳ್ಯದಿಂದ ತರಕಾರಿ ಚೀಲ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೊಂದು ಮೊಪೆಡ್ ಬಂದು ನಿಂತಿತು. ಅದರ ಎರಡೂ ಕಡೆ ಕೋಳಿಗಳನ್ನು ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿದ್ದರು. ಇಂಥದ್ದನ್ನು ಸಾವಿರ ಸಲ ನೋಡಿದ್ದೇನೆ. ಅವತ್ತು ಮಾತ್ರ ಒಂದು ಕೋಳಿ ಕತ್ತೆತ್ತಿ ನನ್ನನ್ನೇ ನೋಡಿತು. ನಮ್ಮೂರಿನ ಸಿಗ್ನಲ್ಲಿನಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನೋಡುವುದಕ್ಕೆ ಬೇಕಾದಷ್ಟು ಟೈಮು ಸಿಗುತ್ತದೆ. ಹಸಿರು ದೀಪ ಬಂದು ಮೊಪೆಡ್ ಮುಂದೆ ಹೋದರೂ ನಾನು ಕತ್ತು ತಿರುಗಿಸಿ ಅದನ್ನೇ ನೋಡುತ್ತಿದ್ದೆ. ಮನೆಗೆ ಬಂದು ಮೊಬೈಲಿನಲ್ಲಿ ಈ ಕೋಳಿಗಳನ್ನು ಎಲ್ಲಿ ಹೇಗೆ ಸಾಕುತ್ತಾರೆ, ಕುರಿಗಳನ್ನು ಲಾರಿಯಲ್ಲಿ ಹೇಗೆ ತುಂಬಿಕೊಂಡು ಬರುತ್ತಾರೆ ಅಂತ ನೋಡುತ್ತಾ ಕೂತೆ. ನೋಡಬಾರದಿತ್ತು. ನೋಡಿದ ಮೇಲೆ ತುತ್ತು ಒಳಗಿಳಿಯಲಿಲ್ಲ.

‘ನಾನು ಇನ್ಮೇಲೆ ತಿನ್ನಲ್ಲ. ನಿಮಗೆ ಮಾಡಿ ಹಾಕ್ತೀನಿ’ ಅಂದೆ.

‘ಎಲ್ಲೀವರೆಗೆ?’ ಅಂದರು ಯಜಮಾನರು.

ಅತ್ತೆ ಮಾತ್ರ ಬಿಡಿಸುತ್ತಿದ್ದ ಬೆಳ್ಳುಳ್ಳಿ ಕೆಳಗಿಟ್ಟು, ‘ಬಿಟ್ಕೋ. ಮಹಾಲಯದ ದಿನ ನಿಮ್ಮಾವನ ಎಡೇಲಿ ಮೊದಲ ತುತ್ತು ಯಾರವ್ವ ತಿನ್ನೋರು?’ ಅಂದರು.

ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ತೀರಿಹೋದ ಹಿರಿಯರ ಫೋಟೋ ಮುಂದೆ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುತ್ತೇವೆ. ಹಿರಿಯರು ಉಂಡಾದ ಮೇಲೆ ಆ ಎಡೆಯಿಂದ ಮೊದಲ ತುತ್ತು ಹಿರೀಸೊಸೆಯದು. ಅವಳು ಬಾಯಿಗೆ ಹಾಕಿಕೊಳ್ಳದೆ ಬೇರೆ ಯಾರೂ ಉಣ್ಣುವ ಹಾಗಿಲ್ಲ. ನಮ್ಮ ಮಾವನಿಗೆ ಇಷ್ಟವಾದದ್ದು ಮಟನ್ ಸಾರು. ಅವರು ಹೋಗಿ ಒಂಬತ್ತು ವರ್ಷ. ಒಂಬತ್ತೂ ವರ್ಷ ಆ ತುತ್ತು ತಿಂದಿದ್ದು ನಾನೇ.

ಅವತ್ತಿನಿಂದ ಅತ್ತೆ ನನ್ನ ಹತ್ತಿರ ಅಡುಗೆಯ ಮಾತಾಡುವುದನ್ನೇ ಬಿಟ್ಟರು. ಬೇರೆ ಅತ್ತೆ ಸೊಸೆಯರು ಅಡುಗೆ ವಿಷಯಕ್ಕೆ ಜಗಳ ಆಡಿದರೆ, ನಾವಿಬ್ಬರು ಅದೊಂದನ್ನೇ ಮಾತಾಡಿಕೊಂಡು ಚೆನ್ನಾಗಿದ್ದವರು. ಹೊರಗಿನವರು ಏನಂದರೂ ನಗುತ್ತಿದ್ದೆ. ಇದೊಂದರಿಂದ ಮಾತ್ರ ನನಗೆ ನಿಜವಾಗಿ ನೋವಾಯಿತು.

೧. ಮೊಸರಿನ ವಿಷಯ

ನಮ್ಮ ಆಫೀಸಿನಲ್ಲಿ ಊಟಕ್ಕೆ ಎರಡು ಟೇಬಲ್ಲು. ಯಾರೂ ಬೋರ್ಡು ಹಾಕಿಲ್ಲ, ಸುತ್ತೋಲೆ ಹೊರಡಿಸಿಲ್ಲ. ಆದರೂ ಕಿಟಕಿ ಪಕ್ಕದ್ದು ನಮ್ಮದು, ಫೈಲಿಡುವ ಬೀರು ಪಕ್ಕದ್ದು ಅವರದು. ಹೊಸದಾಗಿ ವರ್ಗವಾಗಿ ಬಂದವರೂ ಮೊದಲನೇ ದಿನವೇ ಸರಿಯಾದ ಟೇಬಲ್ಲಿಗೇ ಹೋಗಿ ಕೂರುತ್ತಾರೆ. ಅದು ಹೇಗೆ ಗೊತ್ತಾಗುತ್ತದೋ ದೇವರೇ ಬಲ್ಲ.

ನಾನು ಬಿಟ್ಟ ಸುದ್ದಿ ಬೀರು ಪಕ್ಕದ ಟೇಬಲ್ಲಿಗೆ ತಲುಪಿದ ದಿನವೇ ಅಲ್ಲಿನ ಸೂಪರಿಂಟೆಂಡೆಂಟ್ ಮೇಡಂ ಎದ್ದು ಬಂದರು. ಬಸವನಗುಡಿಯವರು, ಬಹಳ ಒಳ್ಳೆಯವರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಡಬ್ಬಿಯನ್ನು ಅವರ ಕೈಯಲ್ಲೇ ಎತ್ತಿಕೊಂಡು, ‘ಬನ್ನಿ ಬನ್ನಿ, ಇಲ್ಲಿ ಬನ್ನಿ’ ಅಂತ ಕರೆದುಕೊಂಡು ಹೋಗಿ ಫ್ಯಾನಿನ ಕೆಳಗೆ ಕೂರಿಸಿದರು. ಅಲ್ಲಿದ್ದವರೆಲ್ಲ ಒಂದೊಂದು ಚಮಚ ಬಡಿಸಿದ್ದೇ ಬಡಿಸಿದ್ದು. ನನಗೇನೋ ಪ್ರಮೋಷನ್ ಸಿಕ್ಕ ಹಾಗಿತ್ತು.

‘ಎಷ್ಟು ಒಳ್ಳೇ ಕೆಲಸ ಮಾಡಿದ್ರಿ! ಯಾರಾದ್ರೂ ಗುರುಗಳು ಸಿಕ್ಕಿದ್ರಾ?’

‘ಇಲ್ಲ ಮೇಡಂ, ಕೋಳಿ ಸಿಕ್ತು’ ಅಂದೆ. ಸಿಗ್ನಲ್ಲಿನ ಕಥೆ ಹೇಳಿದೆ. ಎಲ್ಲರ ಕಣ್ಣಲ್ಲೂ ನೀರು. ಒಬ್ಬರಂತೂ, ‘ಪಾಪ, ಬಾಯಿಲ್ಲದ ಜೀವ ನೋಡಿ’ ಅಂತ ಕರ್ಚೀಫು ತೆಗೆದರು.

ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ಉತ್ಸಾಹ ಬಂದುಬಿಟ್ಟಿತು. ‘ಅದೇ ಯೋಚನೇಲಿ ಹಾಲಿನ ಬಗ್ಗೇನೂ ನೋಡಿದೆ ಮೇಡಂ. ಕರೂನ ಹುಟ್ಟಿದ ಎರಡೇ ದಿನಕ್ಕೆ ತಾಯಿಂದ ಬೇರೆ ಕಟ್ತಾರಂತೆ, ಅದು ರಾತ್ರಿಯೆಲ್ಲ ಕೂಗುತ್ತಂತೆ. ಗಂಡು ಕರು ಆದ್ರೆ ಇನ್ನೂ ಕಷ್ಟ. ಹಾಲು, ಮೊಸರು, ತುಪ್ಪಾನೂ ಬಿಟ್ಬಿಡೋಣ ಅಂತಿದೀನಿ.’

ಮೇಡಂ ಮೊಸರನ್ನದ ಡಬ್ಬಿಗೆ ನಿಧಾನವಾಗಿ ಮುಚ್ಚಳ ಹಾಕಿ, ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ನನ್ನ ಕೈ ಹಿಡಿದು ಬಹಳ ಪ್ರೀತಿಯಿಂದ ಹೇಳಿದರು:

‘ನೋಡಿ, ಮೊಸರಿನ ವಿಷಯಕ್ಕೆ ಮಾತ್ರ ಬರಬೇಡಿ. ಬೇಕಿದ್ರೆ ನೀವು ಮತ್ತೆ ಕೋಳಿ ತಿನ್ನಿ, ನಾವು ಏನೂ ಅಂದ್ಕೊಳಲ್ಲ.’

೨. ಅರ್ಧ ಕೆಜಿ

ಭಾನುವಾರ ಮಟನ್ ತರುವುದು ಮೊದಲಿನಿಂದಲೂ ನನ್ನ ಕೆಲಸ. ಯಜಮಾನರನ್ನು ಕಳಿಸಿದರೆ ಮೂಳೆ ಹೊತ್ತುಕೊಂಡು ಬರುತ್ತಾರೆ. ತಿನ್ನುವುದು ಬಿಟ್ಟ ಮೇಲೆ ನಾನು ಅಂಗಡಿಗೆ ಹೋಗುವುದನ್ನೂ ಬಿಟ್ಟೆ. ನಾಲ್ಕು ಭಾನುವಾರ ಅವರು ಮೂಳೆ ತಂದರು. ಐದನೇ ಭಾನುವಾರ ಅವರಿಗೆ ಯಾವುದೋ ನಾಮಕರಣಕ್ಕೆ ಹೋಗುವುದಿತ್ತು. ಅತ್ತೆಗೆ ಇಲ್ಲ ಅನ್ನುವುದು ಹೇಗೆ? ಸೆರಗನ್ನು ಮೂಗಿಗೆ ಅಡ್ಡ ಇಟ್ಟುಕೊಂಡು ನಾನೇ ಹೋದೆ.

ಅಂಗಡಿಯವರು ನನ್ನನ್ನು ಕಂಡದ್ದೇ ಕತ್ತಿ ಕೆಳಗಿಟ್ಟರು. ಮುಖದಲ್ಲಿ ನಿಜವಾದ ಸಂಕಟ.

‘ಏನಕ್ಕಾ ತಪ್ಪಾಯ್ತು? ಇಪ್ಪತ್ತು ವರ್ಷದಿಂದ ಬರ್ತಿದ್ದೋರು. ಬೇರೆ ಅಂಗಡಿ ಹಿಡಿದ್ರಾ? ಹೇಳಿ, ಮನಸಲ್ಲಿ ಇಟ್ಕೋಬೇಡಿ.’

‘ಅಯ್ಯೋ, ಹಂಗೇನಿಲ್ಲಣ್ಣ.’ ಅವರ ಮುಂದೆ ಹೇಳುವುದಕ್ಕೆ ನಾಚಿಕೆಯಾಯಿತು. ಅವರ ಹೊಟ್ಟೆಪಾಡು ಅದು. ಆದರೂ ಸುಳ್ಳು ಬಾಯಿಗೆ ಬರಲಿಲ್ಲ. ‘ಪ್ರಾಣಿಗಳನ್ನ ನೋಡಿದ್ರೆ ಪಾಪ ಅನ್ಸುತ್ತೆ. ಅದಕ್ಕೆ ತಿನ್ನೋದು ಬಿಟ್ಟೆ. ಇದು ನಮ್ಮತ್ತೆಗೆ.’

ಅವರು ಅತ್ತ ಇತ್ತ ನೋಡಿದರು. ನನ್ನ ಹಿಂದೆ ನಾಲ್ಕೈದು ಜನ ನಿಂತಿದ್ದರು. ಮುಂದಕ್ಕೆ ಬಾಗಿ, ದನಿ ತಗ್ಗಿಸಿದರು.

‘ಯಾರಿಗೂ ಹೇಳ್ಬೇಡಿ ಅಕ್ಕಾ. ನಾನೂ ತಿನ್ನಲ್ಲ. ಹನ್ನೊಂದು ವರ್ಷ ಆಯ್ತು.’

‘ನೀವಾ!’

‘ದಿನಾ ಬೆಳಿಗ್ಗೆ ಆ ಮುಖಗಳನ್ನ ನೋಡೋದು ನಾನು ತಾನೇ? ಅಪ್ಪ ಹಾಕ್ಕೊಟ್ಟ ಅಂಗಡಿ, ಬಿಡೋಕಾಗಲ್ಲ. ತಿನ್ನೋದಾದ್ರೂ ಬಿಡೋಣ ಅಂತ.’

ಚಾಮರಾಜಪೇಟೆಯಲ್ಲೆಲ್ಲ ನನ್ನ ಮಾತು ಅರ್ಥವಾದದ್ದು ಈ ಒಬ್ಬರಿಗೆ ಅಂತ ನನ್ನ ಕಣ್ಣು ತುಂಬಿ ಬಂತು. ಆಮೇಲೆ ಅವರೇ, ‘ಭಾನುವಾರ ಬಾಯಿ ಕೇಳುತ್ತೆ ಅಕ್ಕಾ, ನಂಗೊತ್ತು. ನಮ್ಮನೆಯವಳು ಸೋಯಾದಲ್ಲಿ ಒಂದು ಮಾಡ್ತಾಳೆ ನೋಡಿ’ ಅಂದರು. ಅತ್ತೆಯ ಮಟನ್ ಕತ್ತರಿಸುತ್ತಾ ಕತ್ತರಿಸುತ್ತಾ ಅವರು ಹೇಳುತ್ತಿದ್ದರೆ ನಾನು ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ‘ಬಿಸಿನೀರಲ್ಲಿ ನೆನೆಸಿ ಎರಡು ಸಲ ಹಿಂಡ್ಬೇಕು. ಹಸಿವಾಸನೆ ಹೋಗ್ಬೇಕು. ಆಮೇಲೆ ಚಕ್ಕೆ ಲವಂಗ, ಕೊತ್ತಂಬರಿ, ಪುದೀನ, ತೆಂಗಿನಕಾಯಿ ರುಬ್ಬಿ ಹಾಕಿ ಸಣ್ಣ ಉರೀಲಿ ಅರ್ಧ ಗಂಟೆ. ಕೊನೇಲಿ ನಿಂಬೆಹಣ್ಣು. ಮಸಾಲೆ ಒಳಗಡೆ ಹೊಕ್ಕೊಂಡಿರುತ್ತೆ ಅಕ್ಕಾ, ಕಚ್ಚಿದ್ರೆ ಹಂಗೇ ಕರಗುತ್ತೆ!’

ನನ್ನ ಹಿಂದೆ ನಿಂತಿದ್ದ ದಪ್ಪನೆಯ ಗಂಡಸು ಮಸಾಲೆಯ ಮಾತಷ್ಟೇ ಕಿವಿಗೆ ಬಿದ್ದಿದ್ದವರು ಇನ್ನು ತಡೆಯಲಾರದೆ ಕೈಚೀಲ ಮುಂದೆ ಚಾಚಿದರು.

‘ಗುರು, ಆ ಮೇಡಂಗೆ ಹೇಳ್ತಿದೀಯಲ್ಲ, ಅದ್ರಲ್ಲೇ ನಂಗೂ ಅರ್ಧ ಕೆಜಿ ಕಡಿ.’

೩. ಹರಕೆ

ಸೊಸೆ ಕೋಳಿ ಮುಖ ನೋಡಿ ಮಾಂಸ ಬಿಟ್ಟಳು ಅಂತ ಬೀದಿಯಲ್ಲಿ ಹೇಳಿಕೊಳ್ಳುವುದು ಅತ್ತೆಗೆ ಅವಮಾನವಾಗಿತ್ತು. ತರಕಾರಿ ಗಾಡಿಯ ಹತ್ತಿರ ಯಾರೋ ಕೇಳಿದ್ದಕ್ಕೆ, ‘ಏನೋ ಹರಕೆ ಹೊತ್ತವ್ಳೆ’ ಅಂದುಬಿಟ್ಟರಂತೆ. ಮರ್ಯಾದೆಯ ಕಾರಣ. ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಅದೇ ತಿಂಗಳು ನಮ್ಮ ಮಗಳಿಗೆ ವರ್ಗವಾಯಿತು. ಅವಳು ಸರ್ಕಾರಿ ಶಾಲೆಯ ಟೀಚರು. ನಾಲ್ಕು ವರ್ಷದಿಂದ ರಾಯಚೂರಿನ ಕಡೆ ಇದ್ದವಳು ಬೆಂಗಳೂರಿಗೇ ಬಂದಳು. ಕೌನ್ಸೆಲಿಂಗಿನಲ್ಲಿ ಅವಳ ಸರದಿ ಬಂದಿತ್ತು, ಬಂದಳು, ಅಷ್ಟೇ. ಬೀದಿಯವರು ಒಪ್ಪಬೇಕಲ್ಲ? ತಾಯಿ ಮಾಂಸ ಬಿಟ್ಟಳು, ಮಗಳಿಗೆ ವರ್ಗವಾಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು.

ಮೂರು ಜನ ಹೆಂಗಸರು ಎಲೆ ಅಡಿಕೆ ತಟ್ಟೆ ಹಿಡಿದುಕೊಂಡು ಮನೆಗೆ ಬಂದರು. ಒಬ್ಬರಿಗೆ ಮಗನ ಕೆಲಸ, ಒಬ್ಬರಿಗೆ ಮಗಳ ಮದುವೆ, ಒಬ್ಬರಿಗೆ ಮೊಣಕಾಲು.

‘ಯಾವ ದೇವ್ರು ಅಂತ ಹೇಳ್ಬಿಡಿ ಅಕ್ಕಾ. ಒಬ್ರೇ ಇಟ್ಕೋಬೇಡಿ.’

‘ದೇವ್ರಿಲ್ಲ ಕಣ್ರಮ್ಮ. ಸಿಗ್ನಲ್ಲಲ್ಲಿ ಒಂದು ಕೋಳಿ ನನ್ನ ಕಡೆ ನೋಡ್ತು. ಮನಸ್ಸು ಕರಗ್ತು. ಅಷ್ಟೇ.’

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯರೊಬ್ಬರು ಕೆನ್ನೆ ಕೆನ್ನೆ ಬಡಿದುಕೊಂಡು, ‘ಕೋಳಿ ರೂಪದಲ್ಲಿ ಬಂದಿದ್ಯಾರವ್ವ?’ ಅಂದರು.

‘ಯಾರೂ ಬಂದಿಲ್ಲ. ಅದು ಬರೀ ಕೋಳಿ. ಮಾರೋಕೆ ತಗೊಂಡ್ ಹೋಗ್ತಿದ್ರು.’

‘ನಿಮಗಂಗೆ ಕಂಡೈತೆ. ಯಾವ ಸಿಗ್ನಲ್ಲು?’

ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನುವ ಹಾಗೆ ನಾನು ಹೇಳಿದ್ದನ್ನೇ ಹೇಳಿದೆ: ಪ್ರಾಣಿಗಳ ಮೇಲೆ ಕನಿಕರ, ಅವಕ್ಕೂ ನೋವಾಗುತ್ತದೆ, ಕೊಲ್ಲದೆ ಇದ್ದರೆ ಒಳ್ಳೆಯದು, ಇದರಲ್ಲಿ ದೇವರ ವಿಷಯವೇ ಇಲ್ಲ. ಅವರು ಭಕ್ತಿಯಿಂದ ಕೇಳಿಸಿಕೊಂಡು, ಕಾಫಿ ಕುಡಿದು, ಸಿಗ್ನಲ್ಲು ಯಾವುದೆಂದು ತಿಳಿದುಕೊಂಡು ಹೋದರು.

ಮುಂದಿನ ಮಂಗಳವಾರ ಆ ಕಡೆ ಹೋದೆ. ಸಿಗ್ನಲ್ ಕಂಬದ ಬುಡಕ್ಕೆ ಅರಿಶಿನ, ಕುಂಕುಮ, ಎರಡು ಊದಿನಕಡ್ಡಿ. ಟ್ರಾಫಿಕ್ ಪೊಲೀಸರು ಪಾಪ ಬೂಟು ತಾಗದ ಹಾಗೆ ಪಕ್ಕಕ್ಕೆ ಸರಿದು ನಿಂತಿದ್ದರು. ಮಗನ ಕೆಲಸದ ಹೆಂಗಸು ಅಲ್ಲೇ ಕೈಮುಗಿಯುತ್ತಿದ್ದರು. ನನ್ನನ್ನು ಕಂಡದ್ದೇ ಸಂಭ್ರಮ.

‘ನೀವು ಹೇಳಿದ್ದು ಮನಸಿಗೆ ತುಂಬಾ ನಾಟ್ತು ಅಕ್ಕಾ. ಮಗಂಗೆ ಕೆಲ್ಸ ಆಗ್ಲಿ, ಇದೇ ಜಾಗಕ್ಕೆ ಬಂದು ಒಂದು ನಾಟಿ ಕೋಳಿ ಕುಯ್ತೀನಿ ಅಂತ ಹೇಳ್ಕೊಂಡಿದೀನಿ!’

೪. ವಾರ್ಡು

ಯಜಮಾನರ ಸ್ನೇಹಿತರ ಮಗನ ಮದುವೆ. ಮದುವೆಯ ಊಟ ಸಿಹಿಯೂಟ, ತೊಂದರೆಯಿರಲಿಲ್ಲ. ಮೂರನೇ ದಿನದ ಬೀಗರೂಟಕ್ಕೂ ಕರೆದಿದ್ದರು. ಬೀಗರೂಟ ಅಂದರೆ ಗೊತ್ತಲ್ಲ, ಮುದ್ದೆ, ಮಟನ್ ಸಾರು, ಚಾಪ್ಸು, ಬಿರಿಯಾನಿ, ಮೊಟ್ಟೆ. ಹೋಗದಿದ್ದರೆ ಅವರಿಗೆ ಬೇಜಾರು.

ಬಾಗಿಲಲ್ಲೇ ಯಜಮಾನರು, ‘ಇವಳಿಗೆ ವೆಜ್’ ಅಂದರು. ಹುಡುಗನ ತಂದೆಯ ಮುಖ ಬಾಡಿತು. ‘ಯಾವಾಗಿಂದ?’ ಅಂತ ಮೆತ್ತಗೆ ಕೇಳಿ, ನನ್ನನ್ನು ಛತ್ರದ ಒಂದು ಮೂಲೆಗೆ ಕರೆದುಕೊಂಡು ಹೋದರು. ಕೈತೊಳೆಯುವ ನಲ್ಲಿಯ ಪಕ್ಕ ಒಂದೇ ಟೇಬಲ್ಲು, ಆರು ಕುರ್ಚಿ, ‘ವೆಜ್’ ಅಂತ ಒಂದು ಬೋರ್ಡು. ಐದರಲ್ಲಿ ಆಗಲೇ ಗಂಡಸರು ತಲೆ ತಗ್ಗಿಸಿ ಕೂತಿದ್ದರು. ಅನ್ನ, ತಿಳಿಸಾರು, ಹಪ್ಪಳ ಬಂದಿತ್ತು. ಬಡಿಸುವವರು ಈ ಕಡೆ ಬಿರುಸಾಗಿ ಬರುತ್ತಾರೆ, ಬೋರ್ಡು ನೋಡುತ್ತಾರೆ, ತಿರುಗಿಕೊಂಡು ಹೋಗುತ್ತಾರೆ.

ನಾನು ಕೂತೆ. ಪಕ್ಕದವರು ನನ್ನ ಕಡೆ ತಿರುಗಿ, ‘ನಿಮಗೇನು?’ ಅಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಶುರುಮಾಡಿದರು. ‘ನನಗೆ ಯೂರಿಕ್ ಆಸಿಡ್ಡು. ಹೆಬ್ಬೆರಳು ಊದ್ಕೊಂಡು ಚಪ್ಪಲಿ ಹಾಕೋಕಾಗಲ್ಲ.’ ಎದುರಿನವರಿಗೆ ಎರಡು ಸ್ಟೆಂಟು. ಅವರ ಪಕ್ಕದವರಿಗೆ ಕಿಡ್ನಿಯಲ್ಲಿ ಕಲ್ಲು. ಇನ್ನೊಬ್ಬರಿಗೆ ಏನೂ ಆಗಿರಲಿಲ್ಲ, ಹೆಂಡತಿ ಡಾಕ್ಟರು. ಐದನೆಯವರು ಬಿರಿಯಾನಿ ಹೋಗುತ್ತಿದ್ದ ಕಡೆಗೇ ಕಣ್ಣಿಟ್ಟಿದ್ದರು. ಒಬ್ಬರಿಗೊಬ್ಬರು ‘ಎಷ್ಟು ತಿಂಗಳಾಯ್ತು? ನಿದ್ದೆ ಬರುತ್ತಾ?’ ಅಂತ ವಿಚಾರಿಸಿಕೊಳ್ಳುತ್ತಿದ್ದರು. ಆಸ್ಪತ್ರೆಯ ವಾರ್ಡಿನಲ್ಲಿ ಕೂತ ಹಾಗಿತ್ತು.

‘ನಿಮಗೇನು ಅಂತ ಹೇಳ್ಲೇ ಇಲ್ಲ’ ಅಂದರು ಯೂರಿಕ್ ಆಸಿಡ್ಡಿನವರು.

‘ನನಗೇನೂ ಇಲ್ಲ. ಬಿಪಿ, ಶುಗರ್ ಎಲ್ಲ ಸರಿಯಾಗಿದೆ. ಪ್ರಾಣಿಗಳನ್ನ ನೋಡಿದ್ರೆ ಅಯ್ಯೋ ಅನ್ಸುತ್ತೆ. ಕೊಂದು ತಿನ್ನೋಕೆ ಮನಸ್ಸು ಬರಲ್ಲ.’

ಐದೂ ಜನ ಊಟ ನಿಲ್ಲಿಸಿದರು. ಸ್ಟೆಂಟಿನವರು ನನ್ನನ್ನು ಬಹಳ ಮರುಕದಿಂದ ನೋಡಿದರು. ತಮ್ಮ ಹಪ್ಪಳವನ್ನು ಎತ್ತಿ ನನ್ನ ಎಲೆಗೆ ಹಾಕಿದರು.

‘ಪಾಪ. ನಮಗಾದ್ರೆ ಮಾತ್ರೆ ಇದೆ’ ಅಂದರು. ‘ಡಾಕ್ಟ್ರು ಏನಂತಾರಮ್ಮ, ವಾಸಿಯಾಗುತ್ತಂತಾ?’

೫. ನಮ್ಮ ಯಜಮಾನರ ತ್ಯಾಗ

ಬೀಗರೂಟದಿಂದ ಬಂದ ಮೇಲೆ ಯಜಮಾನರ ಮನಸ್ಸಿಗೆ ಏನೋ ಆಯಿತು. ‘ನಿನ್ನನ್ನ ಮೂಲೇಲಿ ಕೂರಿಸಿ ನಾನು ಚಾಪ್ಸ್ ತಿಂದೆ ಕಣೇ. ಸರಿಯಲ್ಲ. ಅಮ್ಮನಿಗೆ ಮಾಡು, ನಾನೂ ಬಿಟ್ಟೆ’ ಅಂದರು. ಇಪ್ಪತ್ತೇಳು ವರ್ಷದಲ್ಲಿ ನನಗೋಸ್ಕರ ಅವರು ಬಿಟ್ಟದ್ದು ಮೀಸೆ ಒಂದೇ, ಅದೂ ಆರು ತಿಂಗಳಿಗೆ ಮತ್ತೆ ಬಂದಿತ್ತು. ಅವರ ಸಲುವಾಗಿ ಸೋಯಾ ಸಾರನ್ನು ಭಾನುವಾರ ಭಾನುವಾರ ತಪ್ಪದೆ ಮಾಡಿದೆ. ಒಂದು ತುತ್ತೂ ಜಾಸ್ತಿ ಕೇಳುತ್ತಿರಲಿಲ್ಲ; ಎಷ್ಟು ಸಂಯಮ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ವಾಕಿಂಗ್ ಬೇರೆ ಶುರುಮಾಡಿದ್ದರು. ಹನ್ನೊಂದಕ್ಕೆ ಹೋದರೆ ಒಂದೂವರೆಗೆ ಬರುವರು. ಒಂದು ದಿನ ನಾನೂ ಹೊರಟೆ. ‘ಬಿಸಿಲಿದೆ, ನಿನಗ್ಯಾಕೆ?’ ಅಂದರು. ಬಿಡಲಿಲ್ಲ, ಹೋದೆ.

ವಿಶ್ವೇಶ್ವರಪುರಂ ಕಡೆಯ ಒಂದು ತಿರುವಿಗೆ ಬಂದೆವು. ಎಲ್ಲಿದ್ದವೋ, ಐದು ಬೀದಿನಾಯಿ ಓಡಿಬಂದವು. ನನಗೆ ಜೀವವೇ ಹಾರಿತು. ಅವು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಯಜಮಾನರ ಸುತ್ತ ಕುಣಿದವು, ಕೈ ನೆಕ್ಕಿದವು, ಪ್ಯಾಂಟಿನ ಜೇಬು ಮೂಸಿದವು. ‘ಹಚಾ! ಹಚಾ! ಯಾರ ನಾಯಿಗಳೋ ಏನೋ’ ಅಂದರು ಯಜಮಾನರು. ನಾಯಿಗಳು ಶಾಲೆಯ ಮಕ್ಕಳ ಹಾಗೆ ಅವರ ಮುಂದೆ ಸಾಲಾಗಿ ಕೂತವು.

ಎದುರಿನ ಹೂವಿನಮ್ಮ ಕಟ್ಟುತ್ತಿದ್ದ ಮಾಲೆಯಿಂದ ತಲೆಯೆತ್ತದೆಯೇ ಕೇಳಿದರು, ‘ಯಾಕ್ ಸಾರ್, ಇವತ್ತಿನ್ನೂ ಹೋಟ್ಲಿಗೆ ಹೋಗಿಲ್ವಾ? ಮೂಳೆ ಪೊಟ್ಣ ಕಾಣ್ತಿಲ್ಲ. ಆಗ್ಲಿಂದ ಕಾಯ್ತಾ ಕೂತವೆ ಪಾಪ.’

ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಯಜಮಾನರು ನಾಯಿಗಳನ್ನು ನೋಡಿದರು, ಹೂವಿನಮ್ಮನನ್ನು ನೋಡಿದರು, ಕೊನೆಗೆ ಬೇರೆ ದಾರಿಯಿಲ್ಲದೆ ನನ್ನನ್ನು ನೋಡಿದರು.

‘ಪ್ರಾಣಿದಯೆ ಏನು ನಿನಗೊಬ್ಬಳಿಗೇ ಇರೋದಾ?’ ಅಂದರು. ‘ನಾನು ತಿನ್ನದಿದ್ರೆ ಇವಕ್ಕೆ ಮೂಳೆ ಯಾರು ಕೊಡ್ತಾರೆ?’

೬. ಮೊದಲ ತುತ್ತು

ಹೀಗೆ ನಗುನಗುತ್ತಾ ಶ್ರಾವಣ ಕಳೆಯಿತು, ಗೌರಿ ಗಣೇಶ ಕಳೆಯಿತು. ಮಹಾಲಯ ಅಮಾವಾಸ್ಯೆ ಬಂದೇಬಿಟ್ಟಿತು.

ಅತ್ತೆ ಅಷ್ಟು ದಿನವೂ ಆ ವಿಷಯ ಎತ್ತಿರಲಿಲ್ಲ. ಎರಡು ದಿನ ಮುಂಚೆ ಅವರ ಮೊಣಕೈ ನೋವು ಜಾಸ್ತಿಯಾಯಿತು. ಎಡೆಯ ಸಾರನ್ನು ಪ್ರತಿವರ್ಷ ಅವರೇ ಮಾಡುವುದು. ನನ್ನನ್ನೂ ಅಡುಗೆಮನೆಯಿಂದ ಆಚೆ ಕಳಿಸಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಮಡಿಯಲ್ಲಿ ಮಾಡುತ್ತಿದ್ದರು. ಈ ವರ್ಷ, ‘ನಂಗೆ ಸೌಟು ತಿರುವೋಕೆ ಆಗಲ್ಲ. ನೀನೇ ಮಾಡು’ ಅಂದರು. ಅಷ್ಟೇ ಮಾತು.

ಬೇರೆ ನೆಂಟರಿಗಿಂತ ಮುಂಚೆ, ಬೆಳಿಗ್ಗೆಯೇ ಮಾವನ ತಂಗಿ ಬಂದರು. ಎಪ್ಪತ್ತು ದಾಟಿದೆ, ಮನೆತನದ ಪದ್ಧತಿಗಳೆಲ್ಲ ಅವರ ಸೆರಗಿನ ಗಂಟಿನಲ್ಲಿವೆ. ಅವರೆಂದರೆ ಎಲ್ಲರಿಗೂ ಭಯ. ಅಡುಗೆಮನೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತರು, ಕಾವಲಿಗೆ.

‘ಎಡೆ ಅಡುಗೆ, ಗೊತ್ತಲ್ಲ? ಹಿರೀಕರು ಉಣ್ಣೋ ಮುಂಚೆ ಯಾರೂ ನಾಲಿಗೆಗೆ ಮುಟ್ಟಿಸ್ಬಾರ್ದು. ಉಪ್ಪು ನೋಡ್ತೀನಿ, ಖಾರ ನೋಡ್ತೀನಿ ಅಂದ್ರೆ ಎಂಜಲು. ಎಂಜಲು ಇಟ್ರೆ ನಮ್ಮಣ್ಣ ಬಾಗಿಲವರೆಗೂ ಬಂದು ವಾಪಸ್ ಹೋಗ್ತಾನೆ.’

ನನಗೆ ಆ ವಿಷಯದಲ್ಲಿ ಕಷ್ಟವಿರಲಿಲ್ಲ. ಆರೇಳು ತಿಂಗಳಿನಿಂದ ರುಚಿ ನೋಡದೆಯೇ ಮಟನ್ ಮಾಡುತ್ತಿದ್ದೆ. ವಾಸನೆಯಿಂದ ಉಪ್ಪು, ಬಣ್ಣದಿಂದ ಖಾರ ಗೊತ್ತಾಗುವಷ್ಟು ಪಳಗಿದ್ದೆ. ಕಷ್ಟ ಇದ್ದದ್ದು ಆಮೇಲಿನದು. ಸಾರು ಕುದಿಯುತ್ತಿದ್ದರೆ ನನ್ನ ಎದೆಯೂ ಕುದಿಯುತ್ತಿತ್ತು. ಒಂದೇ ಒಂದು ತುತ್ತು, ಕಣ್ಣುಮುಚ್ಚಿ ನುಂಗಿಬಿಡಲಾ? ನುಂಗಿದರೆ ನನ್ನ ಮನಸ್ಸಿಗೆ ಮೋಸ. ನುಂಗದಿದ್ದರೆ ಅತ್ತೆಗೆ ಎಲ್ಲರ ಮುಂದೆ ಅವಮಾನ. ಗಂಡನಿಗೆ ಎಡೆ ಸಲ್ಲಲಿಲ್ಲ ಅನ್ನುವ ಕೊರಗು ಸಾಯುವವರೆಗೂ ಉಳಿಯುತ್ತದೆ. ಮಾವ ನನ್ನನ್ನು ಮಗಳ ಹಾಗೆ ನೋಡಿಕೊಂಡವರು. ಬಿಸಿತುಪ್ಪ ಬಾಯಲ್ಲಿ ಇಟ್ಟುಕೊಂಡ ಹಾಗಾಗಿತ್ತು ನನ್ನ ಸ್ಥಿತಿ.

ಮಾವನ ಫೋಟೋಗೆ ಹೂವು ಹಾಕಿ, ಬಾಳೆಲೆ ತುಂಬ ಬಡಿಸಿದೆವು. ಮಟನ್ ಸಾರು, ಮುದ್ದೆ, ಅನ್ನ, ಉದ್ದಿನ ವಡೆ, ಕಡುಬು, ಪಾಯಸ. ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಧೂಪ ಹಾಕಿ, ಬಾಗಿಲು ಮುಚ್ಚಿ, ಎಲ್ಲರೂ ಹಜಾರದಲ್ಲಿ ಮಾತಿಲ್ಲದೆ ಕೂತೆವು. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತಾದ ಮೇಲೆ ಯಜಮಾನರು ಬಾಗಿಲು ತಟ್ಟಿ ತೆಗೆದರು.

‘ಹೂಂ, ಹಿರೀಸೊಸೆ ಬಾ’ ಅಂದರು ಮಾವನ ತಂಗಿ. ಎಡೆಯಿಂದ ಮಟನ್ನಿನ ಒಂದು ತುಂಡು, ಚೂರು ಮುದ್ದೆ ತೆಗೆದು ನನ್ನ ಅಂಗೈಗೆ ಹಾಕಿದರು. ‘ಬಾಯಿಗೆ ಹಾಕ್ಕೋ. ಎಲ್ರೂ ಹಸ್ಕೊಂಡವ್ರೆ.’

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ‘ಅತ್ತೆ, ನನ್ನ ಕೈಲಿ...’ ಅಂದೆ, ಮುಂದಕ್ಕೆ ಬರಲಿಲ್ಲ, ಅಳು ಬಂತು.

‘ಅಂದ್ರೆ? ತಿನ್ನಲ್ವಾ?’ ಮಾವನ ತಂಗಿಯ ದನಿ ಮೇಲಕ್ಕೆ ಹೋಯಿತು. ‘ಕೋಳಿ ಕುರಿ ಕಥೆಯೆಲ್ಲ ಹೊರಗಡೆ ಇಟ್ಕೋ. ಇದು ಪದ್ಧತಿ! ಅತ್ತಿಗೆ, ನೋಡ್ತಾ ಕೂತಿದೀರಲ್ಲ, ನಿಮ್ಮ ಸೊಸೆಗೆ ಹೇಳಿ. ಎಡೆ ಕೆಡುತ್ತೆ!’

ಅತ್ತೆ ಗೋಡೆ ಹಿಡಿದುಕೊಂಡು ಎದ್ದರು. ನೆಟ್ಟಗೆ ನನ್ನ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ. ನನ್ನ ಅಂಗೈಯಲ್ಲಿದ್ದ ತುಂಡನ್ನು ತಾವೇ ತೆಗೆದುಕೊಂಡು, ತಮ್ಮ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದರು.

‘ಉಪ್ಪು ಸರಿಯಾಗೈತೆ’ ಅಂದರು. ಆಮೇಲೆ ನಾದಿನಿಯ ಕಡೆ ತಿರುಗಿದರು.

‘ಎಡೆ ಕೆಡೋ ಮಾತು ನಂಗೆ ಹೇಳ್ಬೇಡ. ನಲವತ್ತೆಂಟು ವರ್ಷದಿಂದ ಈ ಮನೇಲಿ ಎಡೆ ಸಾರು ಮಾಡ್ತಿದ್ದೋಳು ನಾನು. ಮೊದ್ಲು ನಿಮ್ಮಪ್ಪ ಅವ್ವನಿಗೆ, ಆಮೇಲೆ ನಿಮ್ಮಣ್ಣನಿಗೆ. ಒಂದೇ ಒಂದು ವರ್ಷಾನೂ ರುಚಿ ನೋಡ್ದೆ ಇಟ್ಟಿಲ್ಲ. ಬಾಗಿಲು ಯಾಕೆ ಎಳ್ಕೋತಿದ್ದೆ ಅಂದ್ಕೊಂಡೆ? ನಿಮ್ಮಣ್ಣ ಬದುಕಿದ್ದಾಗ ಉಪ್ಪು ಒಂದು ಹರಳು ಕಮ್ಮಿಯಾದ್ರೆ ತಟ್ಟೆ ತಳ್ಳಿ ಎದ್ದು ಹೋಗೋರು. ಸತ್ತ ಮೇಲೆ ವರ್ಷಕ್ಕೊಂದು ಸಲ ಬರೋರಿಗೆ ಯಾವ ಧೈರ್ಯದ ಮೇಲೆ ಹಂಗೇ ಇಡ್ಲಿ? ಇಷ್ಟು ವರ್ಷ ಅವ್ರು ಉಂಡಿದ್ದೆಲ್ಲ ನನ್ನ ಎಂಜಲೇ. ಎಂಜಲಾಗ್ದಿರೋ ಎಡೆ ಈ ಮನೇಲಿ ಇಟ್ಟಿದ್ದು ಇವತ್ತೇ ಮೊದ್ಲು, ಅದನ್ನ ಇಟ್ಟೋಳು ಇವ್ಳೊಬ್ಳೇ. ಮೊದಲ ತುತ್ತು ಯಾವುದು ಬೇಕೋ ಅದನ್ನ ತಿಂತಾಳೆ.’

ಹಾಗೆ ಹೇಳಿ ಎಡೆಯಿಂದ ಒಂದು ಕಡುಬು ಮುರಿದು ನನ್ನ ಬಾಯಿಗಿಟ್ಟರು. ‘ಅಳ್ಬೇಡ್ವೇ. ಬೆಲ್ಲ ಸರಿಯಾಗೈತಾ ನೋಡು’ ಅಂದರು. ಆರೇಳು ತಿಂಗಳ ಮೇಲೆ ಅತ್ತೆ ಅಡುಗೆಯ ರುಚಿ ಬಗ್ಗೆ ನನ್ನನ್ನು ಕೇಳಿದ ಮೊದಲ ಮಾತು ಅದು. ಬೆಲ್ಲ ಸರಿಯಾಗಿತ್ತೋ ಇಲ್ಲವೋ, ನನಗೆ ಕಣ್ಣೀರಿನದೇ ರುಚಿ.

ನಾವೆಲ್ಲ ಮಾವನ ತಂಗಿಯ ಮುಖ ನೋಡಿದೆವು. ಇನ್ನು ಸಿಡಿಲು ಬೀಳುತ್ತದೆ ಅಂತ ಯಜಮಾನರು ಒಂದು ಹೆಜ್ಜೆ ಹಿಂದಕ್ಕೂ ಹೋದರು. ಅವರು ಅಣ್ಣನ ಫೋಟೋ ನೋಡಿದರು, ಅತ್ತೆಯನ್ನು ನೋಡಿದರು. ಸೆರಗು ಬಾಯಿಗೆ ಒತ್ತಿಕೊಂಡು ಮೆಲ್ಲಗೆ ಮಣೆಯ ಮೇಲೆ ಕುಸಿದರು. ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟು ಹೇಳಿದರು:

‘ಅಬ್ಬಾ! ಎಡೆ ಸಾರು ರುಚಿ ನೋಡೋಳು ನಾನೊಬ್ಳೇ ಅಂತ ಇಷ್ಟು ವರ್ಷ ಹೆದ್ರಿ ಸಾಯ್ತಿದ್ದೆನಲ್ಲಾ ಅತ್ತಿಗೆ!’